ಹಿಂದಿನ ಬೆಂಚಿನ ಸಾಹೇಬರು

ಮಾಸ್ತರಕಿ ಕಲಿಯುವವನ ಮರ್ಯಾದೆ ಹುಡುಗರ ಬಾಯಲ್ಲಿರುತ್ತದೆ. ಯಾವ ಹುಡುಗ ಯಾವ ಗಳಿಗೆಯಲ್ಲಿ ಏನು ಅಂದುಬಿಡುತ್ತಾನೋ ದೇವರಿಗೂ ಗೊತ್ತಿರುವುದಿಲ್ಲ. ಒಂದು ಫಜೀತಿ ಮುಗಿಯಿತು ಅಂತ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಅರವತ್ತರ ದಶಕದ ಮೊದಲಿನ ಮಾತು. ಬಿ.ಎ. ಮುಗಿಸಿ ಯಂಕಂಚಿಯ ಪ್ರಾಥಮಿಕ ಸಾಲಿಯಲ್ಲಿ ಮಾಸ್ತರನಾಗಿದ್ದೆ. ತರಬೇತಿ ಆಗಿಲ್ಲವೆಂದು ಇಲಾಖೆಯವರು ತಕರಾರು ತೆಗೆದರು. ಒಂದು ವರ್ಷದಲ್ಲಿ ಬಿ.ಎಡ್. ಪದವಿ ತಂದರೆ ನೌಕರಿ, ಇಲ್ಲದಿದ್ದರೆ ಮನೆ. ಮನೆ ಅಂದರೆ ಮನಗೂಳಿಯ ನಮ್ಮ ಅರಿವಿ ಅಂಗಡಿ, ಬಟ್ಟೆ ವ್ಯಾಪಾರ. ನಮ್ಮ ತಂದೆ, ಅಬ್ಬಾ, ಆಗಲೇ ಅಂಗಡಿಯಲ್ಲಿ ನಾನು ಕೂಡುವ ಸಲುವಾಗಿ ಹೊಸ ಗಾದಿ ಹೊಲಿಸಿಟ್ಟು, "ನಪಾಸ ಆದ್ರ ಅಂಜಬ್ಯಾಡ, ಗಾದಿ ತಯಾರ ಐತಿ" ಅಂತ ಹರಸಿ ಕಳಿಸಿದ್ದರು. ಆ ಗಾದಿ ನೆನೆಸಿಕೊಂಡರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹುಡುಗರ ನಡುವೆ ನಿಲ್ಲುವುದು ಬಿಟ್ಟು ಈ ಲೋಕದಲ್ಲಿ ನನಗೆ ಬೇರೇನೂ ಬೇಡವಾಗಿತ್ತು.

ಬಿ.ಎಡ್. ಕಾಲೇಜಿನವರು ನಮ್ಮನ್ನು ಜಿಲ್ಲೆಯ ತಾಲೂಕು ಊರುಗಳ ಸಾಲಿಗಳಿಗೆ ಪಾಠ ಮಾಡಲು ಕಳಿಸುತ್ತಿದ್ದರು. ಪಾಠ ನೋಡಲು ಬರುವವರು ಧಾರವಾಡದ ಕಡೆಯ ಪ್ರೊಫೆಸರ್ ಸಾಹೇಬರು. ಹುಡುಗರು ನೆಲದ ಮೇಲೆ. ಸಾಹೇಬರು ಅವರ ಹಿಂದೆ, ಗೋಡೆಗೆ ಹತ್ತಿದ ಗಿಡ್ಡ ಬೆಂಚಿನ ಮೇಲೆ, ಕೆಂಪು ಶಾಯಿಯ ಪೆನ್ನು ಬಿಚ್ಚಿಕೊಂಡು. ಅವರು ನಕ್ಕದ್ದನ್ನು ಕಂಡವರಿರಲಿಲ್ಲ.

೧. ಬಾಗೇವಾಡಿಯ ಊಟ

ಪಾಠ ಹೇಳುವುದಕ್ಕೆ ಒಂದು ಕಟ್ಟುನಿಟ್ಟಿನ ನೇಮವಿತ್ತು. ಇವತ್ತಿನ ವಿಷಯ ಏನೆಂಬುದನ್ನು ಮಾಸ್ತರ ತಾನಾಗಿ ಹೇಳಬಾರದು. ಪ್ರಶ್ನೆ ಕೇಳಿ ಕೇಳಿ ಹುಡುಗರ ಬಾಯಿಂದಲೇ ಹೊರಡಿಸಬೇಕು.

ಬಸವನ ಬಾಗೇವಾಡಿಯಲ್ಲಿ ನನ್ನ ವಿಷಯ ಜೋಳ. ಬಹಳ ಹಗುರ ಅಂದುಕೊಂಡೆ. ಮುಂಜಾನೆ ಏನು ತಿಂದಿರಿ ಅಂದರೆ ರೊಟ್ಟಿ ಅನ್ನುತ್ತಾರೆ. ರೊಟ್ಟಿ ಯಾವುದರದು ಅಂದರೆ ಜೋಳ ಅನ್ನುತ್ತಾರೆ. ಮುಗೀತಲ್ಲ!

"ಮುಂಜಾನೆ ಏನ ತಿಂದಿ?"

"ಶಿರಾ ರಿ."

"ನೀನು?"

"ಜಿಲೇಬಿ ರಿ."

ಮೂರನೆಯವನು ಹೋಳಿಗೆ ತಿಂದಿದ್ದ. ನಾಲ್ಕನೆಯವನು ಬುಂದೆ ಉಂಡಿ. ಸಾಹೇಬರ ಪೆನ್ನು ಸರಸರ ಓಡುತ್ತಿತ್ತು. "ನಿನ್ನೆ ಏನ ತಿಂದ್ರಿ?" ಅಂದೆ. ನಿನ್ನೆಯೂ ಇಡೀ ಬಾಗೇವಾಡಿ ಸಿಹಿಯನ್ನೇ ಉಂಡಿತ್ತು. ಗಂಟೆ ಹೊಡೆಯಿತು, ಜೋಳ ಹೊರಬೀಳಲೇ ಇಲ್ಲ.

ಹೊರಗೆ ಒಬ್ಬನನ್ನು ಹಿಡಿದು, "ಖರೇ ಹೇಳು, ಏನ ತಿಂದಿದ್ದಿ?" ಅಂದೆ.

"ರೊಟ್ಟಿ ರಿ."

"ಮತ್ತ ಒಳಗ ಯಾಕ ಹೇಳ್ಲಿಲ್ಲೋ ಮಾರಾಯಾ?"

"ಧಾರವಾಡದ ಸಾಹೇಬ್ರ ಮುಂದ ರೊಟ್ಟಿ ತಿಂದೇವಿ ಅಂದ್ರ ನಮ್ಮೂರ ಮರ್ಯಾದಿ ಏನ ಉಳೀತೈತ್ರಿ?"

೨. ಮುದ್ದೇಬಿಹಾಳದ ಆಡು

"ಚಿತ್ರಕ್ಕಿಂತ ಜೀವಂತ ವಸ್ತು ತೋರಿಸು" ಅಂತ ಸಾಹೇಬರು ಹೇಳಿದ್ದರಿಂದ ಮುದ್ದೇಬಿಹಾಳದಲ್ಲಿ ನಾಲ್ಕನೇ ಇಯತ್ತೆಯ ಆಡಿನ ಪಾಠಕ್ಕೆ ಆಡನ್ನೇ ತರಿಸಿದೆ. ಸಾಲಿಯ ಪಕ್ಕದ ಮನೆಯ ಮುದುಕಿಯದು. ಆದರೆ ಆಕೆ ಆಡನ್ನು ಒಂದನ್ನೇ ಕಳಿಸಲು ತಯಾರಿರಲಿಲ್ಲ. "ಅದು ನನ್ನ ಬಿಟ್ಟ ಇರಂಗಿಲ್ಲಪಾ" ಅಂತ ತಾನೂ ಬಂದು, ಹಗ್ಗ ಹಿಡಿದು ಹುಡುಗರ ಹಿಂದೆ ಕೂತಳು.

ಆಡು ಸುಮ್ಮನಿತ್ತು. ಹುಡುಗರು ಚಂದ ಉತ್ತರ ಕೊಟ್ಟರು. ಈ ಸಲ ಗೆದ್ದೆ ಅಂತ ನಾನು ಉಸಿರು ಬಿಡುವಾಗ, ಮುದುಕಿ ಬೆಂಚಿನ ಮೇಲಿದ್ದ ಸಾಹೇಬರನ್ನು ಕಾಲಿನಿಂದ ತಲೆಯ ತನಕ ನೋಡಿ, ಮರುಕದಿಂದ ಕೇಳಿದಳು:

"ಯಾಕ ತಮ್ಮಾ, ತಲಿ ಬೆಳ್ಳಗಾದ್ರೂ ಇನ್ನಾ ನಾಕನೇತ್ತಾ ಪಾಸ ಆಗಿಲ್ಲೇನ?"

ಹುಡುಗರು ಹೊಟ್ಟೆ ಹಿಡಿದುಕೊಂಡು ಬಿದ್ದರು. ನಾನು ಮಾತ್ರ ಕೆಂಪು ಶಾಯಿಯನ್ನು ನೋಡುತ್ತಿದ್ದೆ. ಸಾಹೇಬರು ಬರೆದದ್ದು ಒಂದೇ ಸಾಲು: "ಆಡೊಂದೇ ಸಾಕಾಗಿತ್ತು."

೩. ಸಿಂದಗಿಯ ಪಂಡಿತರು

ಸಿಂದಗಿಯ ಸಾಲಿಗೆ ನನಗಿಂತ ಮೊದಲೇ ನಮ್ಮ ಕಾಲೇಜಿನ ಎಷ್ಟೋ ಮಂದಿ ಹೋಗಿ, ನನಗೆ ಕೊಟ್ಟ ವರ್ಗಕ್ಕೇ ನನಗೆ ಕೊಟ್ಟ ನದಿಯ ಪಾಠವನ್ನೇ ಹೇಳಿ ಬಂದಿದ್ದರು. ಇದು ನನಗೆ ಯಾರೂ ಹೇಳಿರಲಿಲ್ಲ.

"ಮಕ್ಕಳೇ, ಮಳಿ ಬಿದ್ದ ನೀರು..." ಅಂದೆ ಅಷ್ಟೇ. ಇಡೀ ವರ್ಗ ಒಂದೇ ದನಿಯಲ್ಲಿ, "ಹಾಗಾದರೆ ಇಂದು ನಾವು ನದಿಯ ವಿಷಯವನ್ನು ಕಲಿಯೋಣ!" ಅಂತ ಒದರಿತು. ಅರ್ಧ ತಾಸಿನಲ್ಲಿ ಹೊರಡಿಸಬೇಕಾದ್ದೆಲ್ಲ ಅರ್ಧ ನಿಮಿಷದಲ್ಲಿ ಹೊರಟುಹೋಗಿತ್ತು. ಬಾಯಿ ತೆರೆದು ನಿಂತ ನನ್ನನ್ನು ನೋಡಿ ಮುಂದೆ ಕೂತ ಹುಡುಗನಿಗೆ ಪಾಪ ಅನ್ನಿಸಿತು.

"ಗಾಬರಿ ಆಗಬ್ಯಾಡ್ರಿ. ಈಗ ಕರಿ ಫಳಿ ಮ್ಯಾಲ ತಲಿಬರಹ ಬರೀರಿ. ಆಮ್ಯಾಲ ನಕಾಶಿ ತೂಗಹಾಕ್ರಿ. ಎಲ್ಲಾರೂ ಹಂಗ ಮಾಡ್ತಾರ್ರಿ."

ಅವನು ಹೇಳಿದಂತೆಯೇ ಮಾಡಿದೆ, ಬೇರೆ ದಾರಿ ಇರಲಿಲ್ಲ. ಮುಗಿದ ಮೇಲೆ ಸಾಹೇಬರು ಅಂದರು: "ಪಾಠ ಛಲೋ ಆತು. ಆದ್ರ ಮಾರ್ಕ್ಸ್ ಆ ಹುಡುಗನಿಗೆ ಕೊಡಬೇಕಾಗತೈತಿ."

೪. ಇಂಡಿಯ ಮೌನ

ಕಡೆಯ ಪಾಠ ಇಂಡಿಯಲ್ಲಿ. ಇದೇ ಪರೀಕ್ಷೆ. "ಇದೂ ಕೆಟ್ರ ನನ್ನ ಕೈಯಾಗ ಏನೂ ಇಲ್ಲ" ಅಂತ ಸಾಹೇಬರು ಮೊದಲೇ ಅಂದಿದ್ದರು. ನಾನು ಬಾಗಿಲ ಹೊರಗೆ ಟಿಪ್ಪಣಿ ಹಿಡಿದು ಅತ್ತಿತ್ತ ತಿರುಗಾಡುತ್ತಿದ್ದೆ. ಆ ವರ್ಗಕ್ಕೆ ದಿನಾ ಕಲಿಸುವ ಅಕ್ಕೋರು, ತಾಯಿಯಂಥ ಹೆಂಗಸು, ಯಾಕ್ರಿ ಅಂತ ಕೇಳಿದ್ದೇ ತಡ, ನೌಕರಿ, ಅಬ್ಬಾ, ಗಾದಿ ಎಲ್ಲಾ ಹೇಳಿಬಿಟ್ಟೆ. ಅವರು ಒಳಗೆ ಹೋಗಿ, ಹುಡುಗರಿಗೆ ಏನೋ ಹೇಳಿ ಬಂದು, "ಹೋಗ್ರಿ ಮಾಸ್ತರ, ಚಿಂತಿ ಬಿಡ್ರಿ" ಅಂದರು.

ಭೂಮಿ ತಿರುಗುವ ಪಾಠ. ಒಳಗೆ ಹೋದರೆ ಕೆಮ್ಮು ಕೂಡ ಇಲ್ಲ. ಎಲ್ಲರೂ ಕೈಕಟ್ಟಿಕೊಂಡು ಕಲ್ಲಿನಂತೆ ಕೂತಿದ್ದಾರೆ. ನಾನು ಹೇಳುತ್ತಾ ಹೋದೆ. "ತಿಳೀತೇನು?" ಅಂದರೆ "ತಿಳೀತ್ರೀ!" ಅಂತ ಕೂಗು, ಮತ್ತೆ ಮೌನ. ನನಗೆ ಗದ್ದಲಕ್ಕಿಂತ ಆ ಮೌನದ ಹೆದರಿಕೆಯೇ ಹೆಚ್ಚಾಯಿತು. ಸಾಹೇಬರು ಪೆನ್ನು ಕೆಳಗಿಟ್ಟು, ಮೂಲೆಯ ಒಂದು ಹುಡುಗಿಯನ್ನು ಎಬ್ಬಿಸಿದರು.

"ಏನ ತಿಳೀತವಾ?"

"ಏನೂ ತಿಳೀಲಿಲ್ರಿ."

"ಮತ್ತ ತಿಳೀತ್ರಿ ಅಂತ ಒದರಿದಿ?"

"ಹಂಗ ಹೇಳ್ರಿ, ಗದ್ದಲ ಮಾಡಬ್ಯಾಡ್ರಿ, ಪಿಟ್ಟನಬ್ಯಾಡ್ರಿ ಅಂತ ಅಕ್ಕೋರು ಹೇಳ್ಯಾರ್ರಿ. ಇಲ್ಲಂದ್ರ ಈ ಮಾಸ್ತರು ನಪಾಸ ಆಗಿ ಅಂಗಡ್ಯಾಗ ಕುಂಡ್ರಬೇಕಂತ್ರಿ."

ಹೋಯಿತು ನೌಕರಿ! ಸಾಹೇಬರು ನನ್ನ ಕಡೆ ನೋಡಲಿಲ್ಲ. "ತಿಳೀಲಾರದ್ದನ್ನ ಕೇಳು ಹಂಗಾದ್ರ" ಅಂದರು.

"ಭೂಮಿ ದಿನಾ ತಿರಗತೈತಿ ಅಂದ್ರಿ. ಹಂಗಾದ್ರ ನಮ್ಮ ಮನಿ ಬಾಗಲಾ ದಿನಾ ಅದ ಕಡೆ ಯಾಕ ಇರತೈತ್ರಿ?"

ಟಿಪ್ಪಣಿ ಬದಿಗಿಟ್ಟೆ. ನೇಮ ಗೀಮ ಎಲ್ಲಾ ಮರೆತೆ. ನೀರಿನ ತಂಬಿಗೆ ಎತ್ತಿಕೊಂಡು, ಅಂಗಳದಿಂದ ಹಸಿ ಎರೆಮಣ್ಣು ತಂದು ಅದರ ಒಂದು ಗುಳಿಗೆಯನ್ನು ತಂಬಿಗೆಗೆ ಮೆತ್ತಿ, "ಇದು ಭೂಮಿ, ಇದು ನಿಮ್ಮ ಮನಿ" ಅಂತ ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿದೆ. ಮನೆ ಬಿಸಿಲಿಗೆ ಬಂತು, ನೆರಳಿಗೆ ಹೋಯಿತು. "ತಂಬಿಗಿ ಕೂಡ ಮನೀನೂ ತಿರಗಾಕತ್ತೈತಿ ನೋಡವಾ. ಓಣಿ, ಗುಡಿ, ಮಸೂತಿ ಎಲ್ಲಾ ಕೂಡೇ ತಿರಗತಾವ. ಅದಕ್ಕ ಬಾಗಲಾ ಸರದದ್ದು ಕಾಣಂಗಿಲ್ಲ."

"ಹಂಗಾದ್ರ ಒಳಗಿದ್ದ ನಮ್ಮವ್ವನೂ ತಿರಗತಾಳೇನ್ರಿ?"

"ನಿಮ್ಮವ್ವ, ನಾನು, ಸಾಹೇಬ್ರು, ಎಲ್ಲಾರೂ!"

ಸಾಹೇಬರು ಬೆಂಚನ್ನು ಎರಡೂ ಕೈಯಿಂದ ಗಟ್ಟಿ ಹಿಡಿದುಕೊಂಡರು. ಹುಡುಗರಿಗೆ ನಗು ಉಕ್ಕಿ ಬಂತು, ಆದರೆ ಎಲ್ಲರೂ ಬಾಯಿಗೆ ಕೈ ಒತ್ತಿಕೊಂಡು ತಡೆದರು. ಗಂಟೆಯಾಯಿತು. ಸಾಹೇಬರು ಎದ್ದು ಬಂದು, ನನ್ನ ಮಣ್ಣಿನ ಕೈಯನ್ನೇ ಹಿಡಿದು ಕುಲುಕಿ, "ಪಾಸ. ಹೋಗಿ ಮಾಸ್ತರಕಿ ಮಾಡ್ರಿ" ಅಂದರು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಆ ಹುಡುಗಿ ಇನ್ನೂ ನಿಂತೇ ಇದ್ದಳು. "ಸಾಹೇಬ್ರ, ಮಾಸ್ತರು ಖರೇನ ಪಾಸ ಆದ್ರೇನ್ರಿ?"

"ಹೌದವಾ, ಖರೇನ."

ಅವಳು ವರ್ಗದ ಕಡೆ ತಿರುಗಿ ಎದೆ ತುಂಬ ಉಸಿರೆಳೆದುಕೊಂಡಳು.

"ಪಾಸ ಆದ್ರಂತಲೇ! ಇನ್ನ ಗದ್ದಲ ಮಾಡ್ರಿ!"