ಇಂಡಿಯ ಹಣ್ಣು, ನಾಲತವಾಡದ ಕಾಯಿ

ನಾನು ಲಿಂಬೆಗೆ ಹೆಸರಾದ ಇಂಡಿ ಊರಿನವನು. ಅಪ್ಪನದು ಲಿಂಬೆ ತೋಟ. ಹೀಗಾಗಿ ಲಿಂಬೆಯ ವಿಷಯದಲ್ಲಿ ನನಗೆ ತಿಳಿಯದ್ದೇ ಇಲ್ಲವೆಂದು ನಂಬಿದ್ದೆ. ಹೆಂಡತಿ ಶಾಂತಾಳ ತವರು ನಾಲತವಾಡಕ್ಕೆ ಹೋದಾಗಲೆಲ್ಲ ಇದನ್ನು ಸಾರಿ ಸಾರಿ ಹೇಳುತ್ತಿದ್ದೆ.

ಕಳೆದ ನಾಗರಪಂಚಮಿಗೆ ಅವಳ ತಮ್ಮ ಸಂಗಪ್ಪನ ತಾಳ್ಮೆ ಮುಗಿಯಿತು.

"ಮಾವಾರ, ಬಾಯಿ ಸಾಕು, ಕೈ ತೋರಸ್ರಿ! ಊರ ಅಗಸಿ ಬಾಗಿಲದಿಂದ ಹಳ್ಳದ ಸೇತುವಿ ಮಟ ಲಿಂಬಿಹಣ್ಣು ಒಗಿಯೂಣು. ಯಾರು ಕಡಿಮಿ ಒಗತದಾಗ ಮುಟ್ಟತಾರೋ ಅವರ ಊರು ಗೆದ್ದಂಗ. ಸೋತವ್ರು ಬರೂ ಪಂಚಮಿ ಮಟ ಈ ಊರಾಗ ತಮ್ಮೂರ ಹೆಸರು ಎತ್ತಬಾರದು!"

ಹಿಂದೆಲ್ಲ ಪಂಚಮಿ ಬಂದರೆ ಓಣಿ ಓಣಿಯಲ್ಲೂ ಈ ಪಂದ್ಯವಿತ್ತು. ನಿಯಮ ಒಂದೇ: ಬಿದ್ದಲ್ಲಿಂದಲೇ, ಅದೇ ಹಣ್ಣನ್ನೇ ಮತ್ತೆ ಎಸೆಯಬೇಕು. ಒಪ್ಪಿಕೊಂಡೆ. ಆದರೆ ಸೋತರೆ, ಇಂಡಿಯ ಹೆಸರು ಎತ್ತದೆ ನಾನು ಮಾತಾಡುವುದಾದರೂ ಏನನ್ನು? ನನಗೆ ಬೇರೆ ವಿಷಯವೇ ಗೊತ್ತಿಲ್ಲ!

ಅಪ್ಪ ಕಳಿಸಿದ್ದ ಬುಟ್ಟಿಯಿಂದ ತೆಳು ಸಿಪ್ಪೆಯ, ರಸ ತುಂಬಿದ ಹಳದಿ ಹಣ್ಣನ್ನು ವಿಧಿವತ್ತಾಗಿ ಆರಿಸಿದೆ. ಸಂಗಪ್ಪ ಹಿತ್ತಲ ಗಿಡದಿಂದ ಒಂದು ಹಸಿರು ಕಾಯಿ ಹರಿದುಕೊಂಡ. ನಾನು ನಕ್ಕೆ.

"ನೀವೂ ಕಾಯಿ ತಗೊಳ್ರಿ, ಹಣ್ಣು ಒಡೀತೈತಿ," ಎಂದಳು ಶಾಂತಾ.

"ಇಂಡಿಯವ್ರಿಗೆ ಲಿಂಬಿ ಪಾಠ ಹೇಳಬ್ಯಾಡ!"

ಮೊದಲ ಒಗೆತಕ್ಕೆ ನಾನೇ ಮುಂದೆ. ನೋಡಲು ಸೇರಿದ್ದವರಲ್ಲಿ ಕೆಲವರು ಶಿಳ್ಳೆಯನ್ನೂ ಹೊಡೆದರು. ಎರಡನೆಯದಕ್ಕೆ ಸಿಪ್ಪೆ ಬಿರಿಯಿತು. ಮೂರನೆಯದಕ್ಕೆ ಇದ್ದಬದ್ದ ಶಕ್ತಿ ಹಾಕಿ ಕೈ ಬೀಸಿದೆ. ರಸ ನೇರ ನನ್ನ ಎರಡೂ ಕಣ್ಣಿಗೆ! ಹಣ್ಣು ಕೈ ಜಾರಿ ಹಿಂದಕ್ಕೆ ಹಾರಿ, ಹಿಂದೆ ನೋಡುತ್ತ ಬರುತ್ತಿದ್ದ ಶಾಂತಾಳ ಅಪ್ಪನ ತಲೆಯ ಪಟಕಾದ ಮೇಲೆ ಕೂತಿತು. ನಿಯಮದ ಪ್ರಕಾರ ಮುಂದಿನ ಒಗೆತ ಅಲ್ಲಿಂದಲೇ!

ಸೇತುವೆಯ ಹತ್ತಿರ ಹೋಗಿದ್ದ ಸಂಗಪ್ಪ, ಕಾಯಿಯನ್ನು ಅಲ್ಲೇ ಬಿಟ್ಟು ಓಡಿ ಬಂದ. ನನ್ನ ಕೈ ಹಿಡಿದು ಮನೆಗೆ ಕರೆತಂದು, ಕಣ್ಣಿಗೆ ನೀರು ಹಾಕಿ ಹಾಕಿ ತೊಳೆದ. ಒಂದು ಸಲವೂ ನಗಲಿಲ್ಲ. ಸೋತೆನೆಂದು ನಾನೇ ಒಪ್ಪಿಕೊಂಡೆ. ಶಾಂತಾ ಬುಟ್ಟಿಯಲ್ಲಿ ಉಳಿದಿದ್ದ ಹಣ್ಣುಗಳ ಶರಬತ್ತು ಮಾಡಿದಳು. ಎಲ್ಲರೂ ಎರಡೆರಡು ಲೋಟ ಕುಡಿದರು. ಯಾವ ಊರಿನ ಹಣ್ಣೆಂದು ಹೇಳಲು ನನ್ನ ನಾಲಿಗೆ ತುರಿಸಿತು. ಇನ್ನೊಂದು ಲೋಟ ಶರಬತ್ತು ಬಾಯಿಗೆ ಸುರಿದುಕೊಂಡೆ.

ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರು, "ಎಲ್ಲಿಗ್ರಿ?"

ಸಂಗಪ್ಪ ಕಿಟಕಿಯ ಹೊರಗೇ ನಿಂತಿದ್ದ. ಬಸ್ಸು ಇನ್ನೂ ನಾಲತವಾಡದಲ್ಲೇ ಇತ್ತು.

"ನಮ್ಮೂರಿಗ್ರಿ," ಎಂದೆ.

"ನಿಮ್ಮೂರಿಗೆ ಹೆಸರಿಲ್ಲೇನ್ರಿ?"

ನಾನು ಕಿಟಕಿಯತ್ತ ನೋಡಿದೆ. ಸಂಗಪ್ಪ ಕಿಟಕಿಯೊಳಗೆ ತಲೆ ತೂರಿಸಿ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ:

"ಇಂಡಿಗೆ ಎರಡು ಕೊಡ್ರಿ! ಲಿಂಬಿಗೆ ಅದರಂಥಾ ಊರಿಲ್ಲ. ಅಲ್ಲಿ ಮಂದಿಗೆ ಒಗಿಯಾಕ ಬರೂದಿಲ್ಲ, ಅಷ್ಟ!"

ಗೆದ್ದವನೇ ನನ್ನೂರನ್ನು ಎತ್ತಿ ಹಿಡಿದಿದ್ದ. ಆ ಉಪಕಾರ ನಾನು ಮರೆಯುವುದಿಲ್ಲ. ಕಣ್ಣು ತುಂಬಿ ಬಂತು. ನಿನ್ನೆಯ ರಸ ಇನ್ನೂ ಹೋಗಿಲ್ಲ ಎಂದು ಶಾಂತಾಗೆ ಹೇಳಿದೆ.

"ಹೌದ್ರಿ," ಎಂದಳು, "ಲಿಂಬಿ ಬಗ್ಗೆ ನಿಮಗ ಗೊತ್ತಿದ್ದಷ್ಟು ನಮಗೆಲ್ಲಿ ಗೊತ್ತು!"