ಎರಡು ಬ್ರೇಕಿನ ಕಾರು

ಸಿಗ್ನಲ್ ಕ್ಯಾಮೆರಾ ಈ ಊರಿನಲ್ಲಿ ಯಾರನ್ನು ಬೇಕಾದರೂ ಹಿಡಿಯಲಿ, ನನ್ನ ಕಾರನ್ನು ಮಾತ್ರ ಹಿಡಿಯಲಾರದು ಎಂದು ನಾನು ಬಹಿರಂಗವಾಗಿ ಘೋಷಿಸಿದ್ದೆ. ಘೋಷಿಸಿದ್ದು ಊಟದ ಮೇಜಿನ ಮುಂದೆ. ಸಭಿಕರು ನನ್ನ ಹೆಂಡತಿ ಒಬ್ಬಳೇ, ಅವಳೂ ಫೋನಿನಲ್ಲಿದ್ದಳು. ಆದರೂ ಘೋಷಣೆ ಘೋಷಣೆಯೇ! ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ರಿವರ್ಸ್ ಬರುವಾಗ ಗೋಡೆಗೆ ತಾಗಿಸದವರೆಲ್ಲ ನನ್ನ ಶಿಷ್ಯರು. ತಾಗಿಸುವವರು ಬೇರೆ ಕಡೆ ಕಲಿತವರು.

ಸ್ಕೂಲಿನ ಕಾರಿನಲ್ಲಿ ಕಲಿಯುವವರಿಗೊಂದು ಕ್ಲಚ್ಚು, ಬ್ರೇಕು. ಪಕ್ಕದಲ್ಲಿ ಕೂರುವ ನನಗೊಂದು ಜೊತೆ. ನಾನು ನನ್ನ ಬ್ರೇಕ್ ಒತ್ತಬೇಕಾಗಿ ಬಂದಾಗಲೆಲ್ಲ ಕಲಿಯುವವರ ಪುಸ್ತಕದಲ್ಲಿ ತಾರೀಖು, ಜಾಗ, ಕಾರಣ ಬರೆದು ಸಹಿ ಹಾಕುತ್ತೇನೆ. ಶಿಸ್ತು ಅಂದರೆ ಶಿಸ್ತು.

ಹೆಂಡತಿ ನರ್ಸ್. ಹದಿನೈದು ವರ್ಷ ವಾರ್ಡಿನಲ್ಲಿ ನಿಂತೂ ನಿಂತೂ ಕಾಲು ಸೋತವಳಿಗೆ, ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥೆಯ ಕೆಲಸ ಬಂದಿತ್ತು. ಷರತ್ತು ಒಂದೇ: ತಿಂಗಳೊಳಗೆ ಡ್ರೈವಿಂಗ್ ಲೈಸೆನ್ಸ್ ತರಬೇಕು. ಅವಳು ಬೇರೆ ಸ್ಕೂಲಿಗೆ ಸೇರುತ್ತೇನೆ ಅಂದಳು. ನಾನು ಮೂರು ದಿನ ಮುಖ ಊದಿಸಿಕೊಂಡ ಮೇಲೆ ನನ್ನ ಸ್ಕೂಲಿಗೇ ಸೇರಿದಳು.

ಚೆನ್ನಾಗಿಯೇ ಓಡಿಸುತ್ತಿದ್ದಳು. ಇದನ್ನು ನಾನು ಅವಳ ಮುಂದೆ ಹೇಳಿರಲಿಲ್ಲ. ಟೆಸ್ಟಿಗೆ ಎರಡು ವಾರ ಇರುವಾಗ ದೊಡ್ಡ ಚೌಕದಲ್ಲಿ ಹಸಿರು ಹೋಗಿ ಹಳದಿ ಬಂತು. ಏನೋ ಗಡಿಬಿಡಿ, ಹಿಂದಿನ ಲಾರಿಯ ಹಾರನ್, ಮೇಲಿನಿಂದ ಫಳಕ್ ಫಳಕ್ ಎಂದು ಎರಡು ಬೆಳಕು. ನಾವು ಚೌಕದ ಆಚೆ ಬಂದಿದ್ದೆವು.

"ಏನೇ ಮಾಡ್ದೆ?" ಅಂದೆ.

"ನಾನೇನ್ ಮಾಡ್ದೆ? ಬ್ರೇಕ್ ಒತ್ತಿದ್ದು ನೀವು."

"ನಾನಾ?"

"ಹೂಂ ರೀ, ನೀವೇ."

"ನನ್ನ ಕಾಲು ನನಗೆ ಗೊತ್ತಿಲ್ವಾ?"

ಎಂಟು ದಿನಕ್ಕೆ ನೋಟಿಸ್ ಬಂತು. ಎರಡು ಫೋಟೊ. ಒಂದರಲ್ಲಿ ದೀಪ ಕೆಂಪು, ಕಾರು ಗೆರೆಯ ಈಚೆ. ಇನ್ನೊಂದರಲ್ಲಿ ದೀಪ ಕೆಂಪು, ಕಾರು ಚೌಕದ ನಟ್ಟನಡುವೆ. ಕಾರಿನ ಮೇಲಿನ ಬೋರ್ಡಿನಲ್ಲಿ ನನ್ನ ಸ್ಕೂಲಿನ ಘೋಷವಾಕ್ಯ ಸ್ಪಷ್ಟವಾಗಿ ಕಾಣುತ್ತಿತ್ತು: 'ಸುರಕ್ಷತೆಯೇ ನಮ್ಮ ಉಸಿರು'. ಕೆಳಗೆ ಸಣ್ಣ ಅಕ್ಷರದಲ್ಲಿ, ವಿಚಾರಣೆ ಮುಗಿಯುವವರೆಗೆ ಕಲಿಯುವವರ ಟೆಸ್ಟನ್ನು ತಡೆಹಿಡಿಯಲಾಗಿದೆ ಎಂದಿತ್ತು.

ಅದನ್ನು ಓದಿ ಹೆಂಡತಿ ಬೈಯಲಿಲ್ಲ. ಸುಮ್ಮನೆ ಹೋಗಿ ಮಂಚದ ಅಂಚಿನಲ್ಲಿ ಕೂತು ಮೊಣಕಾಲಿಗೆ ಮುಲಾಮು ತಿಕ್ಕಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ನನ್ನಿಂದ ಆಗಲಿಲ್ಲ.

"ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ. ಕ್ಯಾಮೆರಾದ್ದು. ಸಾಬೀತು ಮಾಡ್ತೀನಿ," ಅಂದೆ.

"ದಯವಿಟ್ಟು ಏನೂ ಮಾಡ್ಬೇಡಿ," ಅಂದಳು.

ಮಾಡಿದೆ. ಮೊದಲು ಶತ್ರುವಿನ ಅಧ್ಯಯನ. ಗೆರೆಯ ಹತ್ತಿರ ರಸ್ತೆಯೊಳಗೆ ತಂತಿ ಹೂತಿರುತ್ತಾರೆ. ದೀಪ ಹಸಿರೋ ಹಳದಿಯೋ ಇರುವಷ್ಟು ಹೊತ್ತು ತಂತಿ ನಿದ್ದೆ ಮಾಡುತ್ತದೆ. ಕೆಂಪಾದ ಮೇಲೆ ಅದರ ಮೇಲೆ ಚಕ್ರ ಹಾಯ್ದರೆ ಎದ್ದು ಕ್ಯಾಮೆರಾವನ್ನು ತಿವಿಯುತ್ತದೆ. ಹಳದಿಯಲ್ಲೇ ಗೆರೆ ದಾಟಿದವನನ್ನು ಅದು ಮಾತಾಡಿಸುವುದೇ ಇಲ್ಲ. ಊಟದ ಮೇಜಿನ ಮೇಲೆ ಚಾಕುವನ್ನು ಗೆರೆ ಮಾಡಿ, ಬೆಂಕಿಪೊಟ್ಟಣವನ್ನು ಕಾರು ಮಾಡಿ ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಚಾಕು ಎತ್ತಿಕೊಂಡು ಈರುಳ್ಳಿ ಹೆಚ್ಚಲು ಹೋದಳು.

ಆಮೇಲೆ ಚೌಕಕ್ಕೆ ಹೋಗಿ, ಕ್ಯಾಮೆರಾ ಕಂಬದ ಕೆಳಗೆ ಸ್ಟಾಪ್‌ವಾಚ್, ನೋಟ್‌ಬುಕ್ ಹಿಡಿದು ನಿಂತೆ. ಮೇಲೆ ಕ್ಯಾಮೆರಾ, ಕೆಳಗೆ ಏನೋ ಬರೆದುಕೊಳ್ಳುತ್ತಿರುವ ಗಂಭೀರ ಮನುಷ್ಯ! ಹಳದಿ ಕಂಡದ್ದೇ ತಡ, ಆರಾಮಾಗಿ ದಾಟಬಹುದಾದವರೂ ಗಕ್ಕನೆ ಬ್ರೇಕ್ ಹಾಕತೊಡಗಿದರು. ಒಂದು ವ್ಯಾನು ಮುಂದಿನ ಕಾರಿನ ಬೆನ್ನಿಗೆ ಗುದ್ದಿತು. ಅದರ ಚಾಲಕ ಇಳಿದು, ಗುದ್ದಿಸಿಕೊಂಡವನನ್ನು ಬಿಟ್ಟು ನೇರ ನನ್ನ ಹತ್ತಿರ ಬಂದ. ಟ್ರಾಫಿಕ್ ಪೊಲೀಸ್ ಬಂದು, "ಯಜಮಾನ್ರೇ, ನೀವು ಕ್ಯಾಮೆರಾಗಿಂತ ಡೇಂಜರು," ಎಂದು ನನ್ನನ್ನು ಕಳಿಸಿದ.

ಆದರೆ ಸಾಕ್ಷ್ಯ ಸಿಕ್ಕಿತ್ತು. ವಿಚಾರಣೆಯ ದಿನ ಅಧಿಕಾರಿ ಮೇಡಂ ಮುಂದೆ ನಕ್ಷೆ ಬಿಡಿಸಿದೆ.

"ಹಳದಿ ಉರಿಯೋದು ಮೂರು ಸೆಕೆಂಡು ಮೇಡಂ. ಹಳದಿ ಬಂದಾಗ ನಮ್ಮ ಕಾರು ಗೆರೆಯಿಂದ ಹನ್ನೆರಡೇ ಮೀಟರ್ ದೂರ. ವೇಗ ಮೂವತ್ತೈದು. ಒಂದೂಕಾಲು ಸೆಕೆಂಡಿಗೆ ಗೆರೆ ದಾಟಿರ್ಬೇಕು. ಹಳದಿಯಲ್ಲೇ! ಹಾಗಾಗಿ ಕ್ಯಾಮೆರಾ ಸುಳ್ಳು ಹೇಳ್ತಿದೆ."

ಮೇಡಂ ನಕ್ಷೆಯನ್ನು ಎರಡು ಸಲ ನೋಡಿದರು. "ಲೆಕ್ಕ ಸರಿಯಾಗಿದೆ," ಅಂದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ಅಂದ್ರೆ ಓಡಿಸ್ತಿದ್ದ ಇವರು ನಿಲ್ಲಿಸದೆ ಮುಂದೆ ಹೋಗೋಕೆ ಹೊರಟಿದ್ದೇ ಸರಿ. ಮತ್ತೆ ಇದೇನು?" ಎಂದು ಮೇಡಂ ವಿಡಿಯೊ ಹಾಕಿದರು. ಕಾರು ನೀಟಾಗಿ ಬರುತ್ತಿತ್ತು. ಹಳದಿ ಬಂತು. ಹಿಂದಿನ ಬ್ರೇಕ್ ದೀಪಗಳು ಭಗ್ಗೆಂದವು. ಕಾರು ನಿಂತೂ ನಿಲ್ಲದ ಹಾಗೆ ತೆವಳಿತು. ಕೆಂಪು ಬಂತು. ಆಮೇಲೆ ಮರ್ಯಾದೆಯಾಗಿ ಗೆರೆ ದಾಟಿತು.

"ಬ್ರೇಕ್ ಒತ್ತಿದ್ದು ಯಾರು?"

"ಕಲಿಯೋರೇ ಇರ್ಬೇಕು ಮೇಡಂ. ನಾನು ಒತ್ತಿದ್ರೆ ಬರೆದಿಡ್ತೀನಿ. ನಮ್ಮ ಸ್ಕೂಲಿನ ಶಿಸ್ತು ನೋಡಿ," ಎಂದು ಹೆಂಡತಿಯ ಪುಸ್ತಕವನ್ನು ಹೆಮ್ಮೆಯಿಂದ ಮುಂದಿಟ್ಟೆ.

ಮೇಡಂ ಆ ತಾರೀಖು ತೆಗೆದು ಗಟ್ಟಿಯಾಗಿ ಓದಿದರು. "'ದೊಡ್ಡ ಚೌಕ. ಹಳದಿ ದೀಪ. ಕ್ಯಾಮೆರಾ ಇದ್ದರೂ ನುಗ್ಗಲು ಹೊರಟ ವಿದ್ಯಾರ್ಥಿನಿಯನ್ನು ನಾನು ಬ್ರೇಕ್ ಒತ್ತಿ ತಡೆದೆ.' ಈ ಸಹಿ ಯಾರದ್ದು?"

ಸಹಿ ನನ್ನದೇ. ಅಭ್ಯಾಸಬಲ! ಅದೇ ಸಂಜೆ ಬರೆದು ಅದೇ ಸಂಜೆ ಮರೆತಿದ್ದೆ.

"ಒತ್ತಿದ ಮೇಲೆ ದಾಟಿಸಿದ್ದು ಯಾಕಮ್ಮಾ?" ಎಂದು ಮೇಡಂ ಹೆಂಡತಿಯನ್ನು ಕೇಳಿದರು.

"ಹಿಂದಿನ ಲಾರಿ ಹಾರನ್ ಹೊಡೀತು. ಇವರು 'ಹೋಗು ಹೋಗು' ಅಂತ ಕಿರುಚಿದ್ರು."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನನಗೆ ನಾಚಿಕೆಯಾಯಿತು. ಕ್ಯಾಮೆರಾಕ್ಕೆ ಹೆದರಿದ್ದು ನಾನು, ಲಾರಿಗೆ ಹೆದರಿದ್ದೂ ನಾನು. ಅವಳು ಎರಡಕ್ಕೂ ಹೆದರಿರಲಿಲ್ಲ.

ಹೆಂಡತಿಯ ಟೆಸ್ಟಿನ ತಡೆ ತೆರವಾಯಿತು. ತಿಂಗಳು ಮುಗಿಯಲು ಎರಡು ದಿನ ಇರುವಾಗ ಅವಳು ಒಂದೇ ಸಲಕ್ಕೆ ಪಾಸಾಗಿ ಹೊಸ ಕೆಲಸಕ್ಕೆ ಸೇರಿದಳು. ನನಗೂ ಒಂದು ಆದೇಶ ಬಂತು. ಬೋಧಕರು ಎರಡು ಬ್ರೇಕಿನ ಕಾರಿನಲ್ಲಿ ಮೂವತ್ತು ಗಂಟೆ ಮರುಅಭ್ಯಾಸ ಮಾಡತಕ್ಕದ್ದು, ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು ಕೂತಿರತಕ್ಕದ್ದು. ನಮ್ಮ ಮನೆಯಲ್ಲಿ ಅಂಥವರು ಒಬ್ಬರೇ.

ಭಾನುವಾರ ಬೆಳಿಗ್ಗೆ ನಾನು ಸ್ಟೀರಿಂಗ್ ಹಿಡಿದು, ಅವಳು ನನ್ನ ಮಾಮೂಲಿ ಸೀಟಿನಲ್ಲಿ ಕೂತು ಹೊರಟೆವು. ದೊಡ್ಡ ಚೌಕ ಇನ್ನೂ ಸಾಕಷ್ಟು ದೂರ ಇರುವಾಗಲೇ ಹಳದಿ ಬಂತು. ಈ ಸಲ ಕಾರು ಒಂದಿಷ್ಟೂ ಜಗ್ಗದೆ, ಬೆಣ್ಣೆಯಲ್ಲಿ ಜಾರಿದ ಹಾಗೆ ಬಂದು, ಗೆರೆಗೆ ಒಂದು ಗೇಣು ಇರುವಾಗ ನಿಂತಿತು. ಮೇಲಿನ ಕ್ಯಾಮೆರಾ ತೆಪ್ಪಗಿತ್ತು.

"ನೋಡಿದ್ಯಾ?" ಅಂದೆ. "ನಿಲ್ಲಿಸೋದು ಅಂದ್ರೆ ಇದು."

"ಥ್ಯಾಂಕ್ಸ್," ಅಂದಳು ಹೆಂಡತಿ. "ಇನ್ನು ಆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀರಿ. ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿ ಹಿಡಿದು ನನ್ನ ಕಾಲು ನೋಯ್ತಿದೆ."