ಅತ್ತಿಯ ಸೀಕರಣಿ, ಗೌಡರ ಮಿಕ್ಸರು, ನನ್ನ ಗಂಟಲು

ಮಾವಿನ ಹಣ್ಣಿನ ದಿವಸಗಳಲ್ಲಿ ನಮ್ಮ ದೇವಿಕೊಪ್ಪದಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ತಾನಾಗಿ ಆಗದಿದ್ದರೆ ನಾನಿದ್ದೇನಲ್ಲ. ನಾನು ಊರಿನ ಕನ್ನಡ ಸಾಲಿಯ ಮಾಸ್ತರ. ಬ್ಯಾಸಗಿ ಸೂಟಿಯಲ್ಲಿ ಸಾಲಿಗೆ ಕೀಲಿ ಬೀಳುತ್ತದೆ, ನನ್ನ ಬಾಯಿಗೆ ಬೀಳುವುದಿಲ್ಲ. ಕೆಳಗೆ ಬರೆದದ್ದೆಲ್ಲ ಅಪ್ಪಟ ಖರೆ. ನಮ್ಮಾಕಿ, ಅಂದರೆ ನನ್ನ ಹೆಂಡತಿ, ಇದನ್ನು ಓದಿ, ಅರ್ಧ ಖರೆ ಅಂದಳು. ಯಾವ ಅರ್ಧ ಅಂತ ಕೇಳಿದೆ, ಹೇಳಲಿಲ್ಲ.

೧. ದನದ ಡಾಕ್ಟರ ಹೊಟ್ಟೆ

ನಮ್ಮ ತಂದೆಯ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ನನಗೆ ಅತ್ತಿ, ನೋಡನೋಡುತ್ತ ಇಡೀ ಓಣಿಗೇ ಅತ್ತಿಯಾದಳು. ಕಾರಣ ಅವಳ ಕೈ. ಸೀಕರಣಿ ಎಲ್ಲರ ಮನೆಯಲ್ಲೂ ಆಗುತ್ತದೆ. ಮಾವಿನ ಹಣ್ಣು ಹಿಂಡಿ, ಹಾಲು ಬೆಲ್ಲ ಯಾಲಕ್ಕಿ ಕೂಡಿಸಿದರೆ ಮುಗಿಯಿತು. ಅತ್ತಿಯದು ಹಾಗೆ ಮುಗಿಯುತ್ತಿರಲಿಲ್ಲ. ಹುಲ್ಲಿನಲ್ಲಿ ಅಡಿ ಹಾಕಿ ಮಾಗಿಸಿದ ಹಣ್ಣನ್ನು ಒಂದೊಂದಾಗಿ ತೊಟ್ಟಿನ ಹತ್ತಿರ ಮೂಸಿ, "ಇದು ಇವತ್ತಿಗೆ, ಇದು ನಾಳಿಗೆ, ಇದು ಮಾಸ್ತರಗ" ಎಂದು ಮೂರು ಗುಂಪಿ ಮಾಡುವಳು. ಮೂರನೆಯ ಗುಂಪಿ ಕೊಳೆತವುಗಳದು. ಆರಿಸಿದ ಹಣ್ಣನ್ನು ನೀರಲ್ಲಿ ನೆನೆಹಾಕಿ, ಅಂಗೈಯಲ್ಲಿ ಮೆತ್ತಗೆ ಹೊರಳಿಸಿ, ತೊಟ್ಟು ಮುರಿದು ಮೊದಲ ಸೊನೆ ಚೆಲ್ಲಿ, ಆಮೇಲೆ ಹಿಂಡುವಳು. ಸಿಪ್ಪೆಯನ್ನೂ ಗೊರಟವನ್ನೂ ಆರಿದ ಹಾಲಿನಲ್ಲಿ ತೊಳೆದು, ಕೆನೆಯನ್ನು ಬೆರಳಿಂದಲೇ ಒಡೆದು ಕೂಡಿಸುವಳು. ಕೆನೆ ಎಲ್ಲಿ ಮುಗಿಯಿತು, ಹಣ್ಣು ಎಲ್ಲಿ ಸುರುವಾಯಿತು ಅಂತ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಯಾರ ಮನೆಗೆ ಬೀಗರು ಬರುವುದಿದ್ದರೂ ಅತ್ತಿಗೆ ಕರೆ ಬರುತ್ತಿತ್ತು. ಮುಂದಿನ ಬಾಗಿಲಿಗೆ ಬಂದು, "ಅತ್ತೀ, ಒಂದೀಟು ಕೈ ಹಚ್ಚಬರ್ರಿ" ಅಂದರೆ ಸಾಕು, ಸೆರಗು ಸಿಗಿಸಿ ಹೊರಟೇಬಿಡುವಳು.

ಒಂದು ವರ್ಷ ಮೈಸೂರು ಕಡೆಯ ದನದ ಡಾಕ್ಟರರು ಹೊಸದಾಗಿ ಬಂದಿದ್ದರು. ನಮ್ಮ ಎಮ್ಮೆ ನೋಡಲು ಬಂದವರನ್ನು ಊಟಕ್ಕೆ ಕೂಡಿಸಿದೆವು. ಹೋಳಿಗೆ, ಬಟ್ಟಲ ತುಂಬ ಸೀಕರಣಿ. ನಾನು ಅವರ ಕಿವಿಯಲ್ಲಿ ಹೇಳಿದೆ: "ಸಾಹೇಬ್ರ, ನಮ್ಮ ಕಡೆ ಬಟ್ಟಲದಾಗ ಸೀಕರಣಿ ಉಳಿಸಿದ್ರ ಮಾಡಿದಾಕಿಗೆ ಅಪಮಾನರಿ."

ಒಳಗೆ ಹೋಗಿ ಅತ್ತಿಗೆ ಬೇರೆ ಹೇಳಿದೆ: "ಅವರ ಕಡೆ ಖಾಲಿ ಬಟ್ಟಲ ಮುಂದ ಕೂಡಿಸಿದ್ರ ಎದ್ದು ಹೋಗ್ರಿ ಅಂದಂಗಂತ."

ಇನ್ನೇನು, ಅವರು ಮುಗಿಸುವುದು, ಅತ್ತಿ ಸುರಿಯುವುದು. ಮರ್ಯಾದಸ್ಥ ಮನುಷ್ಯ, ಬೆವರು ಒರೆಸಿಕೊಂಡು ಮತ್ತೆ ಬಟ್ಟಲು ಎತ್ತುವರು. ಅತ್ತಿ ಇನ್ನೂ ಮರ್ಯಾದಸ್ಥಳು. ತಳ ಕಾಣಲು ಬಿಡಲಿಲ್ಲ. ಹದಿನಾಲ್ಕು ಬಟ್ಟಲು ಆದವು. ನಮ್ಮಾಕಿ ಏಳು ಅನ್ನುತ್ತಾಳೆ. ಅವಳು ಹೋಳಿಗೆ ಬೇಯಿಸುತ್ತಿದ್ದಳು, ಎಣಿಸುತ್ತಿದ್ದವನು ನಾನು.

ಮರುದಿನ ಬೆಳಿಗ್ಗೆ ದನದ ದವಾಖಾನೆಯ ಕಂಪೌಂಡರ ನಮ್ಮ ಕಟ್ಟೆಗೆ ಬಂದು ನಿಂತ. "ಮಾಸ್ತರ, ಎತ್ತಿನ ಹೊಟ್ಟಿ ಉಬ್ಬರಕ್ಕ ಕೊಡೂ ಔಷಧ ಅದರಿ. ಅರ್ಧ ಎತ್ತಿನ ಲೆಕ್ಕದಾಗ ಕೊಡು ಅನ್ನಾಕತ್ತಾರ ಸಾಹೇಬ್ರು. ಉಣಿಸಿದವ್ರು ನೀವು, ನೀವ ಹೇಳ್ರಿ. ಅರ್ಧ ಎತ್ತು ಸಾಕೋ, ಪೂರಾ ಎತ್ತು ಹಿಡೀಲ್ಯೋ?"

೨. ಗೋಡಂಬಿ

ನಮ್ಮ ಎದುರು ಮನೆ ಗೌಡರದು. ಅವರ ಮಗಳ ಮದುವೆಯಾದ ವರ್ಷ, ಹುಬ್ಬಳ್ಳಿಯಲ್ಲಿ ನೌಕರಿಗಿದ್ದ ಹೊಸ ಅಳಿಯ ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸಿದ. ಬಿಚ್ಚಿ ನೋಡಿದರೆ ಮಿಕ್ಸರು. ನಮ್ಮೂರಲ್ಲಿ ಅದೇ ಮೊದಲನೆಯದು. ಓಣಿಗೆ ಓಣಿಯೇ ಅವರ ನಡುಮನೆಯಲ್ಲಿ ಸೇರಿತು. ಗೌಡ್ತಿ ಅದರ ಹಣೆ ಯಾವುದೆಂದು ಹುಡುಕಿ, ಗುಂಡಿಯ ಮೇಲೆ ಮೂರು ಬೆರಳು ವಿಭೂತಿ ಎಳೆದು, ಹೂ ಏರಿಸಿದರು. ಗೌಡರು ಕಾಯಿ ಒಡೆದರು.

ಈಗ ಪ್ರಶ್ನೆ: ಹಣ್ಣು ಹಾಕುವುದು ಹೇಗೆ? ಡಬ್ಬಿಯೊಳಗಿದ್ದ ಕಾಗದ ಇಂಗ್ಲಿಷಿನಲ್ಲಿತ್ತು. ಎಲ್ಲರೂ ಅದನ್ನು ನನ್ನ ಕೈಗೆ ಕೊಟ್ಟರು. ಎರಡು ಸಲ ತಿರುಗಿಸಿ ಮುರುಗಿಸಿ ನೋಡಿ, ಗೊರಟ ತೆಗೆಯುವ ಕೆಲಸವಿಲ್ಲ ಅಂದೆ. ಭತ್ತದ ಗಿರಣಿ ಹೊಟ್ಟು ಬೇರೆ, ಅಕ್ಕಿ ಬೇರೆ ಮಾಡುವುದಿಲ್ಲವೇ, ಹಾಗೆ ಇದೂ ಗೊರಟ ಬಾಜೂಕ ಸರಿಸುತ್ತದೆ ಎಂದು ವಿವರಿಸಿದೆ. ಭತ್ತ ಬೆಳೆಯುವ ನಮ್ಮ ಕಲಘಟಗಿ ಸೀಮೆಯಲ್ಲಿ ಗಿರಣಿ ನೋಡದವರು ಯಾರು? ಎಲ್ಲರೂ ಹೌದೆಂದು ಗೋಣು ಹಾಕಿದರು. ನಾಲ್ಕು ಹಣ್ಣು, ಸಿಪ್ಪೆ ಸುಲಿದು, ಇಡಿಯಾಗಿ ಒಳಗೆ ಹೋದವು.

ಗುಂಡಿ ಒತ್ತಿದ ಮೇಲೆ ಎದ್ದ ಸಪ್ಪಳಕ್ಕೆ ಹಿತ್ತಲ ಎಮ್ಮೆ ಕಣ್ಣಿ ಹರಿದುಕೊಂಡು ಹೋಯಿತು. ಕಲ್ಲಿನ ಖಣಿಯಲ್ಲಿ ಕೂಡ ಅಂಥ ಸಪ್ಪಳ ನಾನು ಕೇಳಿಲ್ಲ. ಆದರೂ ಕೊನೆಗೆ ಹಳದಿ ಬಣ್ಣದ್ದೇನೋ ಬಂತು. ಮೊದಲ ಬಟ್ಟಲು ಗೌಡರಿಗೆ. ನಾವೆಲ್ಲ ಅವರ ದವಡೆಯನ್ನೇ ನೋಡುತ್ತ ನಿಂತೆವು. ಅವರು ಕಟುಕಟು ಅಗಿದು, ಕಣ್ಣು ಮುಚ್ಚಿ, ತಲೆ ತೂಗಿದರು.

"ಅಗದಿ ಛಲೋ ಆಗೇತಿ. ಗೋಡಂಬೀನೂ ಹಾಕೀರೇನು?"

೩. ನನ್ನ ಕೈಗುಣ

ಗೊರಟ ತೆಗೆದೇ ಹಾಕಬೇಕು ಎಂದು ಆಮೇಲೆ ಗೌಡರ ಮನೆಯವರಿಗೆ ತಿಳಿಯಿತು. ತೆಗೆದು ಹಾಕಿದರೂ ಸೀಕರಣಿ ನೀರುನೀರಾಗಿ, ಮೇಲೆ ಸಾಬೂನಿನಂತೆ ಬುರುಗು ಬರುತ್ತಿತ್ತು. ಗೌಡರ ಎದುರಿಗೆ ಹಾಗೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಓಣಿಯವರು ಹಣ್ಣಿನ ಬುಟ್ಟಿ ಹೊತ್ತು ಅವರ ಮನೆಗೇ ಹೋಗತೊಡಗಿದರು. ಪಾಪ, ವಯಸ್ಸಾದಾಕಿ, ಇನ್ನ ಅತ್ತಿಗೆ ತ್ರಾಸ ಕೊಡುವುದು ಬ್ಯಾಡ ಎಂದು ಗೌಡರು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅತ್ತಿ ಕಿಟಕಿಯಲ್ಲೇ ಇದ್ದಳು.

ಅಂದಿನಿಂದ ಯಾರೂ ನಮ್ಮ ಮುಂದಿನ ಬಾಗಿಲಿಗೆ ಬಂದು ಕರೆಯಲಿಲ್ಲ. ಅತ್ತಿ ಮನೆಯಲ್ಲೂ ಸೀಕರಣಿ ಮಾಡುವುದನ್ನು ಬಿಟ್ಟಳು. ತ್ರಾಸ ಆಗುವವರಿಗೆ ಯಾಕೆ ಕೆಲಸ ಹಚ್ಚುತ್ತೀರಿ ಅಂದಳು. ಸಂಜೆ ಕಟ್ಟೆಯ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಅವುಗಳನ್ನೇ ನೋಡುತ್ತಿದ್ದಳು. ಆ ಹಾಳು ಕಾಗದ ಓದಿದವನು ನಾನೇ ಎಂದು ನನಗೂ ಸ್ವಲ್ಪ ಚುರುಕ್ಕಂದಿತು. ಸ್ವಲ್ಪವೇ.

ಅವಳ ಮನಸ್ಸು ಹಗುರ ಮಾಡಲೆಂದು ಒಂದು ದಿನ ನಾನೇ ಸೀಕರಣಿಗೆ ಕೂತೆ. ಹುಳಿ ಇನ್ನೂ ಬಿಡದ ಹಣ್ಣು, ಒಲೆಯಿಂದ ಆಗ ಇಳಿಸಿದ ಹಾಲು. ಎರಡೂ ಕೂಡಿದ್ದೇ ತಡ, ಹಾಲು ಒಡೆದು ಗಡ್ಡೆ ಬೇರೆ, ನೀರು ಬೇರೆ ಆಯಿತು. ಅತ್ತಿ ಬಂದು ಪಾತ್ರೆಯಲ್ಲಿ ಬಗ್ಗಿ ನೋಡಿದಳು.

"ಹಾಲಿನದೇನೂ ತಪ್ಪಿಲ್ಲ ಬಿಡು," ಅಂದಳು. "ನಿನ್ನ ಮಾರಿ ನೋಡಿದ್ರ ನನಗೂ ಒಮ್ಮೊಮ್ಮೆ ಹಿಂಗ ಆಗತದ."

೪. ಎರಡು ಮಿಕ್ಸರು

ಆ ಹಂಗಾಮಿನ ಕೊನೆಗೆ ಹೊಸ ಅಳಿಯ ಮೊದಲ ಸಲ ಮಾವಿನ ಊಟಕ್ಕೆ ಬರುವುದೆಂದಾಯಿತು. ಅಳಿಯ ಕೊಟ್ಟ ಮಿಕ್ಸರಿನ ಸೀಕರಣಿಯೇ ಅಳಿಯನ ಬಟ್ಟಲಿಗೆ ಬೀಳಬೇಕು ಎಂದು ಗೌಡರ ಅಪ್ಪಣೆ. ಇಲ್ಲದಿದ್ದರೆ ಅಳಿಯಗೆ ಅಪಮಾನ. ಆ ಬುರುಗನ್ನು ಬಡಿಸಿದರೆ ಮನೆತನಕ್ಕೇ ಅಪಮಾನ ಎಂಬುದು ಗೌಡ್ತಿಯ ಚಿಂತೆ. ಹಿಂದಿನ ದಿನ ಅವರು ನಮ್ಮ ಹಿತ್ತಲಿಗೆ ಬಂದರು. ಅತ್ತಿ ನಾಳೆ ಹಿತ್ತಲ ಬಾಗಿಲಿಂದ ಬಂದು ಅಡುಗೆಮನೆಯಲ್ಲಿ ಹಿಂಡಿಕೊಡಬೇಕು, ಗೌಡರಿಗೆ ತಿಳಿಯಬಾರದು ಎಂದು ಕೇಳಿಕೊಂಡರು.

"ನಾ ಏನು ಕಳ್ಳಿಯೇನವಾ, ಹಿತ್ತಲದಾಗ ಹಾದು ಬರಾಕ?" ಅಂದಳು ಅತ್ತಿ. "ಮುಂದಿನ ಬಾಗಲಕ ಬಂದು ಕರೀರಿ, ಬರ್ತೀನಿ."

ಗೌಡ್ತಿಯ ಕಣ್ಣಲ್ಲಿ ನೀರು ಬಂತು. ಅತ್ತಿ ಕರಗಲಿಲ್ಲ. ಆಗ ನಾನು ಸುಮ್ಮನೆ, ಹಣ್ಣು ಯಾವುವು ಅಂತ ಕೇಳಿದೆ. ತೋಟದ ಆಪೂಸು, ಹುಲ್ಲಿನಿಂದ ಇವತ್ತೇ ತೆಗೆದದ್ದು ಎಂದು ಗೌಡ್ತಿ ಮೂಗು ಒರೆಸಿಕೊಂಡರು. ಅತ್ತಿ ಗೋಡೆಯ ಕಡೆ ಮುಖ ಮಾಡಿಯೇ ಅಂದಳು:

"ಹಣ್ಣಿನ ಸಲುವಾಗಿ ಬರ್ತೀನಿ. ನಿಮ್ಮ ಸಲುವಾಗಿ ಅಲ್ಲ."

ಮಿಕ್ಸರಿನ ಸಪ್ಪಳ ಕೇಳದಿದ್ದರೆ ಗೌಡರು ಎದ್ದು ಒಳಗೆ ಬರುವವರೇ. ಅದಕ್ಕೊಂದು ಹೂಟ ಹೂಡಿದೆ. ಮಿಕ್ಸರಿಗೆ ಪ್ಲಗ್ಗು ಇದ್ದದ್ದು ನಡುಮನೆಯಲ್ಲಿ. ಪಡಸಾಲೆಗೂ ನಡುಮನೆಗೂ ನಡುವೆ ಪರದೆ. ಪರದೆಯ ಹಿಂದೆ ನಾನು ಕೂತು, ಬರೇ ನೀರು ಹಾಕಿದ ಮಿಕ್ಸರನ್ನು ಆಗಾಗ ತಿರುಗಿಸುವುದು. ಅಡುಗೆಮನೆಯಲ್ಲಿ ಅತ್ತಿ ಹಿಂಡುವುದು. ಗೌಡ್ತಿ ನನ್ನ ಮುಂದೆ ಹಾದು ಹೊರಗೆ ಬಡಿಸುವುದು.

ಎಲ್ಲ ಸುಸೂತ್ರ ನಡೆದಿತ್ತು. ಪಡಸಾಲೆಯ ರೇಡಿಯೋದಲ್ಲಿ ಯಾರೋ ಹತ್ತಿಗೆ ಬೀಳುವ ಹುಳದ ಬಗ್ಗೆ ಮಾತಾಡುತ್ತಿದ್ದರು. ನಾನು ಘರ್ರ್ ಅನ್ನಿಸುತ್ತಿದ್ದೆ. ಪ್ರತಿ ಘರ್ರಿಗೂ ಗೌಡರು, ಕೇಳಿದ್ರ್ಯಾ ನಿಮ್ಮ ಮಿಕ್ಸರಿನ ಸಪ್ಪಳ ಎಂದು ಅಳಿಯನಿಗೆ ಹೇಳುತ್ತಿದ್ದರು. ಅಳಿಯ ಬಟ್ಟಲು ಮುಂದೆ ಮಾಡುತ್ತಿದ್ದ. ಮೂರನೆಯ ಬಟ್ಟಲಿಗೆ ಅವನ ಹೋಳಿಗೆ ಹಾಗೇ ಉಳಿದು, ಬರೇ ಸೀಕರಣಿಯೇ ನಡೆದಿತ್ತು.

ಐದನೆಯ ಬಟ್ಟಲಿಗೆ ಗುಂಡಿ ಒತ್ತಿದರೆ ಮಿಕ್ಸರು ತೆಪ್ಪಗೆ. ಕರೆಂಟು ಹೋಗಿತ್ತು. ಗೌಡ್ತಿ ತುಂಬಿದ ಪಾತ್ರೆ ಹಿಡಿದು ನನ್ನ ಮುಂದೆ ನಿಂತುಬಿಟ್ಟರು. ಸಪ್ಪಳವಿಲ್ಲದೆ ಸೀಕರಣಿ ಹೊರಗೆ ಹೋಗುವುದು ಹೇಗೆ? ನಾನು ಮೂರನೇ ಇಯತ್ತೆಯ ಹುಡುಗರಿಗೆ ಪ್ರಾಣಿಗಳ ಕೂಗು ಕಲಿಸುವ ಮನುಷ್ಯ. ಗಂಟಲಿಗೆ ದೇವರು ಕಡಿಮೆ ಮಾಡಿಲ್ಲ. ಕಣ್ಣು ಮುಚ್ಚಿ, ಹೊಟ್ಟೆಯಿಂದ ಎತ್ತಿ, ಘರ್ರ್ ಅಂದೆ. ಗೌಡ್ತಿ ಹೋಗಿ ಬಡಿಸಿ ಬಂದರು. ಹೊರಗಿಂದ ಏನೂ ಮಾತಿಲ್ಲ. ಉಮೇದಿ ಬಂತು. ಆರನೆಯದಕ್ಕೆ ಹಣ್ಣು ಸಿಕ್ಕಿಕೊಂಡಂತೆ ನಡುನಡುವೆ ತಡವರಿಸಿ, ಮತ್ತೆ ಏರಿಸಿ, ಅಸಲಿ ಮಿಕ್ಸರೇ ನಾಚಬೇಕು ಹಾಗೆ ಘರ್ರಿಸಿದೆ.

ನನ್ನ ಶಾಣ್ಯಾತನಕ್ಕೆ ಒಂದು ಮಾತು ಹೊಳೆದಿರಲಿಲ್ಲ. ಕರೆಂಟು ಹೋದಾಗ ಪಡಸಾಲೆಯ ರೇಡಿಯೋ ಕೂಡ ನಿಂತಿತ್ತು. ಹತ್ತಿಯ ಹುಳ ಅರ್ಧಕ್ಕೇ ಬಾಯಿ ಮುಚ್ಚಿದೆ, ಒಳಗೆ ಮಿಕ್ಸರು ಮಾತ್ರ ತಿರುಗುತ್ತಿದೆ. ಮಾವ ಅಳಿಯ ಇಬ್ಬರೂ ತುತ್ತು ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ. ಇಂಥ ಗಂಟಲು ಊರಲ್ಲಿ ಮಾಸ್ತರದೊಂದೇ ಎಂದು ಗೌಡರು ಅಳಿಯನ ಕಿವಿಯಲ್ಲಿ ಹೇಳಿದರಂತೆ.

ಏಳನೆಯದಕ್ಕೆ ನಾನು ರಂಗೇರಿದ್ದಾಗ ಕರೆಂಟು ಬಂತು. ಗುಂಡಿ ಒತ್ತಿದ್ದು ಹಾಗೇ ಇತ್ತು, ಮುಚ್ಚಳ ತೆಗೆದಿಟ್ಟಿದ್ದೆ. ಮಿಕ್ಸರು ತಾನೇ ಎದ್ದು, ಒಳಗಿನ ನೀರನ್ನೆಲ್ಲ ನನ್ನ ತೆರೆದ ಬಾಯಿಗೆ ಹೊಡೆಯಿತು. ಅದರ ಘರ್ರು ಒಂದು, ನನ್ನ ಗುಳುಗುಳು ಒಂದು. ಹೊರಗೆ ಹತ್ತಿಯ ಹುಳ ಮತ್ತೆ ಮಾತಾಡತೊಡಗಿತು. ಅದರ ಮೇಲೆ ಅಳಿಯನ ದನಿ, ಬಹಳ ಮರ್ಯಾದೆಯಿಂದ, ಪರದೆ ದಾಟಿ ಬಂತು:

"ಮಾಸ್ತರ, ಕರೆಂಟ ಬಂತ್ರಿ. ಇನ್ನ ನಿಮ್ಮ ಮಿಕ್ಸರ ಬಂದ ಮಾಡ್ರಿ."

ಅಡುಗೆಮನೆಯಲ್ಲಿ ಅತ್ತಿ ನಕ್ಕಳು. ಎರಡು ತಿಂಗಳ ನಗೆ ಒಮ್ಮೆಲೆ ಹೊರಬಿತ್ತು. ಯಾರದು ಎಂದು ಗೌಡರು ಪರದೆ ಸರಿಸಿದರೆ, ತೊಯ್ದ ಕೋಳಿಯಂತೆ ನಾನು, ನನ್ನ ಹಿಂದೆ ಮೊಳಕೈತನಕ ಹಳದಿಯಾಗಿ ಅತ್ತಿ. ಅಳಿಯ ಎದ್ದು ಬಂದು ಅವಳ ಮುಂದೆ ಬಟ್ಟಲು ಹಿಡಿದ. ಹುಬ್ಬಳ್ಳಿಯ ತನ್ನ ಮನೆಯಲ್ಲೂ ಮಿಕ್ಸರಿದೆ, ಅದರಲ್ಲಿ ಹಿಂಗೆ ಒಂದು ದಿನವೂ ಆಗಿಲ್ಲ, ಮೊದಲ ತುತ್ತಿಗೇ ಗೊತ್ತಾಗಿತ್ತು ಅಂದ. ಎಲ್ಲರೂ ಗೌಡರ ಮುಖ ನೋಡಿದೆವು. ಅವರು ತಮ್ಮ ಬಟ್ಟಲನ್ನು ಬೆರಳಿಂದ ಬಳಿದು ನೆಕ್ಕಿ, ನಿಧಾನಕ್ಕೆ ಅಂದರು:

"ನನಗೂ ಸಂಶೇ ಬಂದಿತ್ತು. ಗೋಡಂಬಿ ಒಂದೂ ಸಿಗಲಿಲ್ಲ."

ಅತ್ತಿ ಕೈ ತೊಳೆದುಕೊಂಡು, ಎಲ್ಲರೂ ನೋಡುವಂತೆ, ಗೌಡರ ಮುಂದಿನ ಬಾಗಿಲಿನಿಂದ ಮನೆಗೆ ಬಂದಳು.

ಮರುವರ್ಷ ಮೊದಲ ಹಣ್ಣು ಮಾಗುತ್ತಲೇ ಗೌಡರು ಸ್ವತಃ ನಮ್ಮ ಮುಂದಿನ ಬಾಗಿಲಿಗೆ ಬಂದು ನಿಂತರು. "ಅತ್ತೀ, ಅಳಿಯಂದ್ರು ಬರ್ತಾರ. ಒಂದೀಟು ಕೈ ಹಚ್ಚಬರ್ರಿ." ಅತ್ತಿ ಆಗಲೇ ಸೆರಗು ಸಿಗಿಸಿಯಾಗಿತ್ತು. ಗೌಡರು ಹೊರಟವರು ತಿರುಗಿ ನನ್ನ ಕಡೆ ನೋಡಿದರು.

"ಮಾಸ್ತರ, ನೀವೂ ಬರ್ರಿ. ಆದ್ರ ನೀವು ಹಿತ್ತಲ ಬಾಗಲಲೆ ಬಂದು ಪರದೆ ಹಿಂದ ಕೂಡ್ರಿ. ಆ ಸಪ್ಪಳ ಇಲ್ದಿದ್ರ ಅಳಿಯಂದ್ರಿಗೆ ಊಟಾನ ಸೇರೂದಿಲ್ಲಂತ."